ಬುಡ ಬಿಟ್ಟು ಕಿತ್ತ ಅಣಬೆ

ಮೇ 19, ಸೋಮವಾರ. ಬೆಳಿಗ್ಗೆ 7

ತೋಪಿನಿಂದ ಈಗಷ್ಟೇ ಬಂದೆ. ರಾತ್ರಿಯಿಡೀ ಮಳೆ. ಸರ್ವಿಸ್ ರಸ್ತೆಯಲ್ಲಿ ಲಾರಿಗಳು ಅರ್ಧ ಚಕ್ರ ನೀರಿನಲ್ಲಿ ನಿಂತಿವೆ. ಮಾದನಾಯಕನಹಳ್ಳಿಯಿಂದ ಪೀಣ್ಯಕ್ಕೆ ಇಂದು ಬಸ್ಸು ಸಿಗುವುದು ಸಂದೇಹ. ನೀಲಗಿರಿ ತೋಪು ಇಳಿಜಾರು, ಅಲ್ಲಿ ನೀರು ನಿಂತಿಲ್ಲ. ಗೋಡೌನಿನ ಚರಂಡಿಯ ಪಕ್ಕದ ಮೂಲೆಯಲ್ಲಿ ಬಿಳಿ ಅಣಬೆ ಮೊಗ್ಗುಗಳು ಎದ್ದಿದ್ದವು—ಒಣಗಿದ ಎಲೆ ಸರಿಸಿದರೆ ಮಾತ್ರ ಕಾಣುವಷ್ಟು. ಎಲ್ಲವನ್ನೂ ಕೋಲಿನಿಂದ ಜಜ್ಜಿದೆ. ಮೇಲೆ ಮಣ್ಣೆಳೆದೆ.

ಕಳೆದ ವರ್ಷದಿಂದ ಪ್ರತಿ ಮಳೆಯ ಮರುಬೆಳಿಗ್ಗೆ ಇದೇ ಕೆಲಸ. ಹಿಂದೆ ಕಾರ್ಖಾನೆಯಲ್ಲಿ ಮಾಡಿದ್ದೂ ಇದೇ, ಈಗ ಪೀಣ್ಯದ ಯೂನಿಟ್‌ನಲ್ಲಿ ಮಾಡುತ್ತಿರುವುದೂ ಇದೇ. ಇನ್ಸ್‌ಪೆಕ್ಷನ್. ಕೆಟ್ಟದ್ದು ಮುಂದೆ ಹೋಗಬಾರದು.

ಹೆಂಡತಿ ಸೀತಾ ಬಾಗಿಲಲ್ಲಿ ನನ್ನ ಚಪ್ಪಲಿ ನೋಡಿದಳು, ಮುಖ ನೋಡಲಿಲ್ಲ. "ಕಾಲು ತೊಳ್ಕೊಂಡು ಬನ್ನಿ. ಕಾಫಿ ಆರ್ತಾ ಇದೆ." ತೋಪಿನ ಕುರಿತು ನಮ್ಮಿಬ್ಬರ ನಡುವೆ ನಡೆಯುವ ಸಂಭಾಷಣೆ ಇಷ್ಟೇ.

ಅದೇ ದಿನ, ರಾತ್ರಿ ಊಟದ ಮುನ್ನ

ಈ ಸಲದ ಮಳೆಗಾಲಕ್ಕೆ ಮುನ್ನ ಸಂಗತಿಗಳನ್ನು ಕ್ರಮವಾಗಿ ಬರೆದಿಡುತ್ತೇನೆ. ವಾದಕ್ಕಿಳಿಯುವವನ ಸಂಗತಿಗಳಲ್ಲಿ ತಪ್ಪಿರಬಾರದು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಲ್ಲುತ್ತಿದ್ದ ಕಾಲದಿಂದ ಪಾಲಿಸಿದ ನಿಯಮ.

ಕಳೆದ ವರ್ಷ, ಆರಿದ್ರಾ ಮಳೆ, ಸೋಮವಾರ. ಹಿಂದಿನ ಬೀದಿಯ ಭದ್ರಮ್ಮ ತೋಪಿನ ಆ ಮೂಲೆಯಿಂದ ಅಣಬೆ ತಂದರು. ತೋಪು ಅವರದೇ, ಗಂಡ ಚಿಕ್ಕಬೈರಪ್ಪನವರ ಪಿತ್ರಾರ್ಜಿತ. ಆ ಮನೆಯಲ್ಲಿ ಅಣಬೆ ಸಾರು ಬಾಡೂಟಕ್ಕೆ ಸಮ, ಸೋಮವಾರ ಮುಟ್ಟುವುದಿಲ್ಲ. ಮಂಗಳವಾರಕ್ಕೆ ಇಟ್ಟರೆ ಅಣಬೆ ಕರಗಿ ನೀರಾಗುತ್ತದೆ. ಆದ್ದರಿಂದ ಸಾರು ಮಾಡಿ ನನ್ನ ಮಗಳನ್ನು ಕರೆದರು. ತನ್ಮಯಿ ಮತ್ತು ಅವರ ಮಗಳು ದಿವ್ಯಾ ಹೈಸ್ಕೂಲಿನಿಂದ ಗೆಳತಿಯರು. ದಿವ್ಯಾ ಮದುವೆಯಾಗಿ ಸಿಂಗಸಂದ್ರಕ್ಕೆ ಹೋದ ಮೇಲೂ ತನ್ಮಯಿ ಆ ಮನೆಗೆ ಹೋಗುವುದು ನಿಂತಿರಲಿಲ್ಲ. ಅವತ್ತು ಉಂಡವಳು ಅವಳೊಬ್ಬಳೇ.

ಮರುದಿನ ಬೆಳಗಿನ ಜಾವ ವಾಂತಿ, ಭೇದಿ. ಆಸ್ಪತ್ರೆ. ಎರಡು ದಿನದಲ್ಲಿ ಎದ್ದು ಕುಳಿತಳು, ಇಡ್ಲಿ ತಿಂದಳು, ನಕ್ಕಳು. ಮನೆಗೆ ಕರೆತಂದೆವು. ಆಮೇಲೆ ಕಣ್ಣು ಹಳದಿಯಾಯಿತು. ಶನಿವಾರ ಹೋದಳು. ಇಪ್ಪತ್ಮೂರು ವರ್ಷ.

ವೈದ್ಯರ ಅಭಿಪ್ರಾಯ ಸ್ಪಷ್ಟ: ಅಣಬೆಯ ವಿಷ, ಲಿವರ್ ನಾಶ. ನಡುವೆ ಚೇತರಿಸಿದಂತೆ ಕಾಣುವುದೂ ಆ ವಿಷದ ಲಕ್ಷಣವೇ. ಊರಿನ ತೀರ್ಪು ಬೇರೆ. "ಜಾಂಡೀಸ್ ಬಂದು ಹೋಯ್ತು ಆ ಮಗು. ನಾಟಿ ಔಷಧಿ ಕೊಡ್ಸಿದ್ರೆ ಉಳೀತಿತ್ತು." ಭದ್ರಮ್ಮನ ತೀರ್ಪೂ ಅದೇ.

ಆ ಮನೆಯಿಂದ ನನಗೆ ಬೇಕಾದದ್ದು ಒಂದು ವಾಕ್ಯ. ‘ಅಣಬೆಯಿಂದಲೇ ಹೋದಳು.’ ಪರಿಹಾರ ಬೇಡ, ಪೊಲೀಸ್ ಬೇಡ, ಕ್ಷಮೆಯೂ ಬೇಡ. ಸತ್ಯವನ್ನು ಅವರ ಬಾಯಿಂದ ಕೇಳಬೇಕು. ಕೇಳಿಯೇ ಕೇಳುತ್ತೇನೆ. ನನ್ನ ಪಕ್ಷ ಬಲವಾಗಿದೆ.

ಮೇ 22, ಗುರುವಾರ

ತೋಪಿನಲ್ಲಿ ನಾನು ನೆಡಿಸಿದ್ದ ಫಲಕ ಕಾಣೆಯಾಗಿತ್ತು. ‘ಇಲ್ಲಿ ಅಣಬೆ ಕೀಳಬಾರದು. ಪ್ರಾಣಾಪಾಯ.’ ಇಂದು ಪತ್ತೆಯಾಯಿತು. ಅಂಬರೀಶನ ಟೀ ಅಂಗಡಿಯಲ್ಲಿ ನೀರಿನ ಡ್ರಮ್ಮಿಗೆ ಮುಚ್ಚಳವಾಗಿದೆ.

"ಗಾಳಿಗೆ ಬಿದ್ದೋಗಿತ್ತು ಸಾರ್, ವೇಸ್ಟಾಗ್ತದೆ ಅಂತ ತಂದೆ," ಎಂದ. "ಬರೆದಿರೋದು ಮೇಲ್ಗಡೆ ಇರಂಗೇ ಇಟ್ಟಿದೀನಿ ನೋಡಿ. ತೋಪಲ್ಲಿ ಯಾರ್ ಓದ್ತಾರೆ? ಇಲ್ಲಿ ಡ್ರೈವರ್‌ಗಳು, ಲೋಡಿಂಗ್‌ನೋರು ಎಲ್ಲಾ ಓದ್ತಾರೆ."

ವಾದ ದುರ್ಬಲವಲ್ಲ. ಫಲಕವನ್ನು ಅಲ್ಲೇ ಬಿಟ್ಟೆ.

ಅಲ್ಲಿದ್ದವರೆಲ್ಲ ಸೇರಿ ನನಗೆ ಅಣಬೆ ಪರೀಕ್ಷೆ ಕಲಿಸಿದರು. ಸಾರಿಗೆ ಬೆಳ್ಳುಳ್ಳಿ ಎಸಳು ಹಾಕಬೇಕಂತೆ. ವಿಷವಿದ್ದರೆ ಕಪ್ಪಾಗುತ್ತದೆ. ಬೆಳ್ಳಿ ಚಮಚವೂ ಕಪ್ಪಾಗುತ್ತದೆ. ಇದು ಸುಳ್ಳು. ನಾನು ಓದಿದ್ದೇನೆ, ಅಣಬೆಗಳ ಮೇಲೆ ಕೆಲಸ ಮಾಡಿದ ಪ್ರಾಧ್ಯಾಪಕರೊಬ್ಬರನ್ನು ಫೋನಿನಲ್ಲಿ ಕೇಳಿಯೂ ಇದ್ದೇನೆ. ಈ ನಂಬಿಕೆಯನ್ನು ಸಾರ್ವಜನಿಕವಾಗಿ ಮುರಿಯಬೇಕು. ಭಾನುವಾರ, ಇದೇ ಅಂಗಡಿಯಲ್ಲಿ, ಎಲ್ಲರ ಎದುರು.

ಮೇ 25, ಭಾನುವಾರ. ಮಧ್ಯಾಹ್ನ

ಬರೆಯಲೇಬೇಕು.

ಇವತ್ತು ಜಜ್ಜಲಿಲ್ಲ, ಆ ಮೂಲೆಯ ಅಣಬೆಗಳನ್ನು ಕವರಿನಲ್ಲಿ ತಂದೆ. ಅಂಬರೀಶ ಸ್ಟವ್ ಕೊಟ್ಟ, ಪಾತ್ರೆ ಕೊಡಲಿಲ್ಲ. "ಆಮೇಲೆ ಅದ್ರಲ್ಲೇ ಟೀ ಕಾಯ್ಸಿದ್ರೆ ಕಸ್ಟಮರ್ ಗತಿಯೇನು ಸಾರ್!" ಹಳೆಯ ಡಾಲ್ಡಾ ಡಬ್ಬ ಸಿಕ್ಕಿತು. ನೀರು, ಅಣಬೆ, ಸುಲಿದ ಬೆಳ್ಳುಳ್ಳಿ, ಸೀತಾಳ ಬೆಳ್ಳಿ ಚಮಚ. ಚೆನ್ನಾಗಿ ಕುದಿಯಿತು. ನಾನು ಚೆನ್ನಾಗಿ ಮಾತನಾಡಿದೆ. ಹಿಂದೆ ಯಾರೋ ಹೇಳಿದ್ದು ಕೇಳಿಸಿತು: "ಸಾರ್ ಮಾತಾಡಿದ್ರೆ ರೇಡಿಯೋ ಕೇಳ್ದಂಗೆ ಆಯ್ತದೆ ಕಣೋ."

ಬೆಳ್ಳುಳ್ಳಿಯನ್ನು ಮೇಲೆತ್ತಿ ತೋರಿಸಿದೆ. ಅಚ್ಚ ಬಿಳಿ. ಚಮಚವೂ ಹಾಗೆಯೇ. "ನೋಡಿ, ಕಪ್ಪಾಗಲಿಲ್ಲ. ಆದ್ದರಿಂದ…"

‘ಆದ್ದರಿಂದ ಈ ಪರೀಕ್ಷೆಯೇ ಮಿಥ್ಯೆ’ ಎಂಬುದು ನನ್ನ ಮುಂದಿನ ಮಾತು. ಅದಕ್ಕೆ ಮೊದಲೇ ಅಂಬರೀಶ ಮುಗಿಸಿದ: "ಅಂದ್ರೆ ಇದು ಒಳ್ಳೇ ಅಣಬೆ ಸಾರ್!"

ಚಿಕ್ಕಬೈರಪ್ಪ ಬೆಂಚಿನಿಂದ ಎದ್ದು ಬಂದರು. ನನ್ನ ಎರಡೂ ಕೈ ಹಿಡಿದರು. ಕಣ್ಣಲ್ಲಿ ನೀರು. "ಒಂದ್ ವರ್ಸ ಆಯ್ತು ಸಾರ್, ನನ್ನೆಂಡ್ತಿ ಕಣ್ತುಂಬ ನಿದ್ದೆ ಮಾಡಿ. ಅಣಬೇಲಿ ಏನೂ ಇಲ್ಲ ಅಂತ ನೀವೇ ಎಲ್ರೆದ್ರಿಗೆ ತೋರ್ಸ್‌ಬಿಟ್ರಲ್ಲ. ನಿಮ್ ಒಟ್ಟೆ ತಣ್ಣಗಿರ್ಲಿ."

ವಿವರಿಸಿದೆ. ಮತ್ತೆ ವಿವರಿಸಿದೆ. ಜೋರಾಗಿ ವಿವರಿಸಿದೆ. ಜನ ಗೌರವದಿಂದ ತಲೆಯಾಡಿಸುತ್ತ ಚದುರಿದರು. ಡಬ್ಬದಲ್ಲಿದ್ದುದನ್ನು ನಾನೇ ಗುಂಡಿ ತೋಡಿ ಹೂತೆ.

ತಪ್ಪು ಎಲ್ಲಿ ಎಂಬುದು ಸ್ಪಷ್ಟ. ಅಣಬೆ ವಿಷವೆಂದು ಒಪ್ಪಿದವನಿಗೆ ಮಾತ್ರ ನನ್ನ ಪ್ರಯೋಗ ಪರೀಕ್ಷೆಯ ಸುಳ್ಳನ್ನು ತೋರಿಸುತ್ತದೆ. ಪರೀಕ್ಷೆಯನ್ನು ನಂಬಿದವನಿಗೆ ಅದು ಅಣಬೆಯ ಒಳ್ಳೆಯತನವನ್ನೇ ತೋರಿಸುತ್ತದೆ. ಸಾಧಿಸಬೇಕಾದದ್ದನ್ನೇ ಆಧಾರವಾಗಿ ಇಟ್ಟುಕೊಂಡೆ. ಮೊದಲ ವರ್ಷದ ವಿದ್ಯಾರ್ಥಿ ಮಾಡುವ ತಪ್ಪು.

ಸರಿಪಡಿಸಬಲ್ಲೆ.

ಜೂನ್ 8, ಭಾನುವಾರ

ದಿವ್ಯಾ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಏಳು ತುಂಬಿ ಎಂಟು. ಸೀತಾ ಬಳೆ, ಹೂವು ತೆಗೆದುಕೊಂಡು ನೋಡಿಬಂದಳು. ನಾನು ಕೇಳದಿದ್ದರೂ ಹೇಳಿದಳು. "ಆರಿದ್ರಾ ಮಳೆ ಬಿದ್ದ ತಕ್ಷಣ ಅದೇ ಜಾಗದಿಂದ ಅಣಬೆ ತರ್ತಾರಂತೆ ಭದ್ರಮ್ಮ. ತಾವೂ ಉಣ್ತಾರಂತೆ, ಮಗಳಿಗೂ ಬಡಿಸ್ತಾರಂತೆ. ಊರಿಗೆಲ್ಲ ಹೇಳಿದ್ದಾರೆ."

ಆ ಕ್ಷಣವೇ ಹೊರಟೆ.

ಭದ್ರಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ನಿಲ್ಲಿಸಲಿಲ್ಲ.

"ಕೇಳಿದ್ದು ನಿಜವೇ, ಭದ್ರಮ್ಮನವರೇ?"

"ದಿಟ ಸಾರ್. ನಮ್ಮತ್ತೆ ಕಾಲ್ದಿಂದ ಆ ಜಾಗದ ಅಣಬೆ ತಿಂದಿದೀವಿ. ಒಬ್ರಿಗೂ ಒಟ್ಟೆನೋವು ಬಂದಿಲ್ಲ. ಬಸ್ರಿ ಬಯಕೆ, ಇಲ್ಲಾ ಅನ್ನಕಾಯ್ತದಾ?"

"ಹೋದ ವರ್ಷ ಒಬ್ಬಳು ಸತ್ತಳು."

"ಜಾಂಡೀಸ್ ಬಂತು ಸಾರ್ ಆ ಮಗೀಗೆ." ಮೊರ ಕೆಳಗಿಟ್ಟರು. "ಅಣಬೆ ಆಗಿದ್ರೆ ಅವತ್ತೇ ಓಗ್ತಿರ್ಲಿಲ್ವಾ? ಎದ್ದು ಕೂತು ಇಡ್ಲಿ ತಿಂದ್ಳಂತಲ್ಲ?"

ಆ ವಿಷದ ನಡೆಯನ್ನು ವಿವರಿಸಿದೆ. ಆಮೇಲೆ ಮುಖ್ಯ ಪ್ರಶ್ನೆಗೆ ಬಂದೆ. "ಆ ಜಾತಿಗೆ ಬುಡದಲ್ಲಿ ಬಿಳಿಯ ಚೀಲ ಇರುತ್ತದೆ. ಒಡೆದ ಮೊಟ್ಟೆಯ ಹಾಗೆ. ನೀವು ಅದನ್ನು ನೋಡಿಯೂ ಬೇಯಿಸಿದಿರಿ."

"ನನ್ ಮಗಳಾಣೆ ಸಾರ್, ಯಾವ ಚೀಲಾನೂ ನಾನ್ ನೋಡಿಲ್ಲ. ಇಷ್ಟು ವರ್ಸದಲ್ಲಿ ಒಂದ್ ದಿನಾನೂ ನೋಡಿಲ್ಲ."

"ಆ ಮೂಲೆಯ ಒಂದೊಂದು ಅಣಬೆಗೂ ಇದೆ. ನಾನು ನೋಡಿದ್ದೇನೆ. ನೀವು ನೋಡಿಲ್ಲವೆಂದರೆ ಯಾರು ನಂಬಬೇಕು?"

ಆಗ ಎದ್ದು ನಿಂತರು. ದನಿ ಎತ್ತರವಾಯಿತು, ಪಕ್ಕದ ಮನೆಯವರು ಕಿಟಕಿ ತೆರೆದರು. "ನಂಬ್ಬೇಡಿ! ನನ್ ಮಗ್ಳಿಗೇ ಇಕ್ತೀನಲ್ಲ, ಆವಾಗಾದ್ರೂ ನಂಬ್ತೀರಾ? ಆಣೆ ಬೇಡ, ಮಾತ್ ಬೇಡ. ಎಲ್ರೆದ್ರಿಗೆ ಉಣ್ತೀವಿ. ನಿಂತ್ಕಂಡ್ ನೋಡಿ."

ಒಳಗಿನಿಂದ ದಿವ್ಯಾ ಬಾಗಿಲ ತನಕ ಬಂದಳು.

ಮನೆಗೆ ಬಂದು ಸೀತಾಳಿಗೆ ಹೇಳಿದೆ: ಅವರ ಬಳಿ ನನ್ನ ಒಂದು ಮಾತಿಗೂ ಉತ್ತರವಿರಲಿಲ್ಲ. ಚೀಲ ನೋಡಿಲ್ಲವೆಂಬುದು ಹಸಿ ಸುಳ್ಳು.

ಅವಳು ಹುರುಳಿಕಾಯಿ ಹೆಚ್ಚುತ್ತಿದ್ದಳು. "ರೀ, ನೀವು ಗೆಲ್ತಾ ಹೋದಷ್ಟೂ ಅವರು ಒಲೆ ಹತ್ತಿರ ಹೋಗ್ತಾರೆ. ಅದು ಕಾಣಿಸ್ತಾ ಇದೆಯಾ ನಿಮಗೆ?"

ಜೂನ್ 10, ಮಂಗಳವಾರ

ಸೀತಾಳ ಮಾತನ್ನು ಎಲ್ಲ ಕಡೆಯಿಂದ ಪರೀಕ್ಷಿಸಿದೆ. ಸರಿಯಾಗಿದೆ.

ಭದ್ರಮ್ಮ ತಿನ್ನುವುದು ಹಸಿವಿಗಲ್ಲ, ಬಯಕೆಗೂ ಅಲ್ಲ. ತಾನು ನನ್ನ ಮಗಳನ್ನು ಕೊಂದಿಲ್ಲವೆಂದು ತೋರಿಸಲು. ನಾನು ಆರೋಪಿಸಿದಷ್ಟೂ ತೋರಿಸುವ ಅಗತ್ಯ ಹೆಚ್ಚುತ್ತದೆ. ದಿವ್ಯಾ. ಅವಳ ಹೊಟ್ಟೆಯಲ್ಲಿರುವುದು. ಭದ್ರಮ್ಮ. ಮೂರು ಜೀವ.

ಬೆಳಿಗ್ಗೆ ಬೆಳಿಗ್ಗೆ ಜಜ್ಜಿದರೆ ಸಾಲದು. ಒಂದು ಮೊಗ್ಗು ಕಣ್ತಪ್ಪಿದರೆ ಸಾಕು.

ಜೂನ್ 19, ಗುರುವಾರ

ವರ್ಷದ ತಿಥಿ. ಸೀತಾ ಮಾಡಿದ ಅಡುಗೆಯಲ್ಲಿ ತನ್ಮಯಿಗೆ ಇಷ್ಟವಾದದ್ದೆಲ್ಲ ಇತ್ತು, ಒಂದನ್ನು ಬಿಟ್ಟು.

ಜೂನ್ 21, ಶನಿವಾರ. ಸಂಜೆ

ದಿವ್ಯಾ ಬಂದಿದ್ದಳು. ತಾಯಿ ಸಂತೆಗೆ ಹೋದ ಹೊತ್ತು ನೋಡಿ. ತನ್ಮಯಿಯ ಫೋಟೋದ ಎದುರು ಸ್ವಲ್ಪ ಹೊತ್ತು ನಿಂತಳು. ಸೀತಾ ಕುರ್ಚಿಗೆ ದಿಂಬು ಕೊಟ್ಟಳು.

"ಅಂಕಲ್, ನಂಗೆ ಯಾವ ಬಯಕೇನೂ ಇಲ್ಲ. ಅಣಬೆ ನೋಡೋಕೂ ಇಷ್ಟ ಇಲ್ಲ. ಅಮ್ಮಾನೇ ಹೇಳ್ಕೊಂಡು ತಿರುಗ್ತಿದ್ದಾರೆ."

"ಹಾಗಿದ್ದರೆ ಬೇಡ ಎನ್ನು."

"ಹೆಂಗನ್ಲಿ? ನಾನು ಬೇಡ ಅಂದ್ರೆ, ನೀನೇ ತನ್ಮಯೀನ ಸಾಯಿಸ್ದೆ ಅಂತ ಅಮ್ಮಂಗೆ ಹೇಳ್ದಂಗಲ್ವಾ?" ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು. "ಬಡಿಸಿದ್ರೆ ಉಣ್ತೀನಿ ಅಂಕಲ್. ಉಣ್ಣದೆ ಇರೋಕೆ ನನ್ ಕೈಲಾಗಲ್ಲ."

ಈ ಹುಡುಗಿ ಎಲ್ಲವನ್ನೂ ತಿಳಿದು ತಟ್ಟೆಯ ಮುಂದೆ ಕೂರುತ್ತಾಳೆ. ಅದನ್ನು ಹೇಳಿಹೋಗಲು ಬಂದಿದ್ದಳು. ತಡೆಯಿರಿ ಎಂದು ಬಾಯಿಬಿಟ್ಟು ಕೇಳಲಿಲ್ಲ.

ಸೋತ ವಾದವನ್ನೇ ಮತ್ತೆ ಹೂಡುವುದರಲ್ಲಿ ಅರ್ಥವಿಲ್ಲ. ಯೂನಿಟ್‌ನಲ್ಲಿ ಕೆಟ್ಟ ಪೀಸ್ ಬಂದರೆ ಮಾಡುವುದನ್ನು ಮಾಡಿದೆ. ಕೆಲಸಗಾರನನ್ನು ಬೈಯುವ ಮೊದಲು ಕೆಲಸದ ಕ್ರಮ ಕೇಳಬೇಕು. ಕಳೆದ ವರ್ಷ ಇದನ್ನು ಯಾರೂ ಕೇಳಿರಲಿಲ್ಲ. "ಅಮ್ಮ ಅಣಬೆ ಕೀಳುವುದು ಹೇಗೆ? ಮೊದಲಿನಿಂದ ಹೇಳು."

"ಹೆಂಗೆ ಅಂದ್ರೆ… ಮಳೆ ಬಿದ್ದ ಮಾರ್ನೆ ದಿನ ಹುತ್ತದ ಹತ್ರ ಹೋಗ್ತಾರೆ. ಈಗ ಹುತ್ತ ಇಲ್ಲ ಬಿಡಿ. ಗೋಡೌನಿನೋರು ಚರಂಡಿ ತೆಗೆಯೋವಾಗ ಜೆಸಿಬಿ ಎಳೆದುಬಿಡ್ತು. ಆದ್ರೆ ಜಾಗ ಅದೇ."

"ಹುತ್ತ ಹೋಗಿದ್ದು ಯಾವಾಗ?"

"ಹೋದ ವರ್ಷ ಯುಗಾದಿ ಹಿಂದ್ಮುಂದೆ."

ತನ್ಮಯಿ ಉಂಡದ್ದು ಅದರ ನಂತರದ ಮೊದಲ ಮಳೆಗಾಲದಲ್ಲಿ. ಪೆನ್ನಿನ ಕ್ಯಾಪ್ ಮುಚ್ಚಿ ಕೇಳಿದೆ: "ಮುಂದೆ?"

"ಎರಡು ಬೆರಳಲ್ಲಿ ಹಿಡ್ಕೊಂಡು ತಿರುವಿ ಮುರೀತಾರೆ. ಮಣ್ಣಿನ ಮೇಲಕ್ಕೆ. ಬುಡ ಕೀಳಲ್ಲ. ಬುಡ ಕಿತ್ರೆ ಮುಂದಿನ ವರ್ಷ ಹುಟ್ಟಲ್ಲ ಅಂತ. ಅಜ್ಜೀನೂ ಹಂಗೇ ಮುರೀತಿದ್ರು. ನಾವು ಚಿಕ್ಕೋರಿದ್ದಾಗ ಬುಡ ಕಿತ್ರೆ ಬೆನ್ನಿಗೆ ಬೀಳ್ತಿತ್ತು."

ಸೀತಾ ನನ್ನ ಮುಖ ನೋಡಿದಳು. ಅವಳಿಗೂ ಅರ್ಥವಾಗಿತ್ತು.

ಚೀಲ ಇರುವುದು ಮಣ್ಣಿನೊಳಗೆ. ಭದ್ರಮ್ಮ ಮುರಿಯುವುದು ಮಣ್ಣಿನ ಮೇಲೆ. ಅವರು ಸುಳ್ಳು ಹೇಳಿಲ್ಲ. ನಿಜವಾಗಿಯೂ ಜೀವಮಾನದಲ್ಲಿ ಆ ಚೀಲವನ್ನು ನೋಡಿಲ್ಲ.

ಹುತ್ತದ ಅಣಬೆ ಹುತ್ತದ್ದು. ಹುತ್ತ ಹೋದ ಮೇಲೆ ಅದೂ ಹೋಯಿತು. ಈ ಇನ್ನೊಂದು ಜಾತಿ, ವಿಷದ್ದು, ನೀಲಗಿರಿಯ ಬೇರುಗಳ ನಡುವೆ ಮೊದಲೂ ಇದ್ದಿರಬೇಕು. ಹುತ್ತ ಬಿಟ್ಟು ಬೇರೆಡೆಯದನ್ನು ಇವರು ಮುಟ್ಟುತ್ತಲೇ ಇರಲಿಲ್ಲ. ನೆಲ ಸಮವಾದ ಮೇಲೆ ಯಾವುದು ಹುತ್ತದ ಜಾಗ, ಯಾವುದು ಮರದ ಜಾಗ? ಇವರು ಗುರುತು ಹಿಡಿಯುತ್ತಿದ್ದುದು ಅಣಬೆಯನ್ನಲ್ಲ. ಜಾಗವನ್ನು.

ಹದಿಮೂರು ದಿನಗಳ ಹಿಂದೆ ಇಡೀ ಬೀದಿಯ ಎದುರು ಅವರನ್ನು ಸುಳ್ಳುಗಾತಿಯೆಂದೆ. ತೀರ್ಮಾನ ತಪ್ಪು. ಹಿಂತೆಗೆದುಕೊಳ್ಳುತ್ತೇನೆ.

ಜೂನ್ 24, ಮಂಗಳವಾರ

ಒಂದು ವರ್ಷ ಹಿಡಿದಿದ್ದ ಬೇಡಿಕೆಯನ್ನೂ ಇಂದು ಹಿಂತೆಗೆದುಕೊಂಡೆ. ಸೋಲು ಎಂದು ಬರೆಯುವುದಿಲ್ಲ. ಸಭೆಯಲ್ಲಿ ವಿಷಯವನ್ನೇ ಬದಲಿಸಲು ಧೈರ್ಯ ಬೇಕು. ‘ಯಾರಿಂದ ಸತ್ತಳು’ ಎಂಬುದು ಇನ್ನು ವಿಷಯವಲ್ಲ. ‘ಈ ಅಣಬೆ ಯಾವುದು’ ಎಂಬುದಷ್ಟೇ ವಿಷಯ. ಅದರಲ್ಲಿ ನಾನು ಗೆಲ್ಲುವುದು ಖಚಿತ, ನಾನು ಬಾಯಿ ಮುಚ್ಚಿಕೊಂಡಿದ್ದರೆ.

ಸಂಜೆ ಅವರ ಮನೆಗೆ ಹೋದೆ. ಚಿಕ್ಕಬೈರಪ್ಪ ಜಗಲಿಯ ಮೇಲೆ ಬೀಡಿ ಸೇದುತ್ತಿದ್ದರು. ಭದ್ರಮ್ಮ ನನ್ನನ್ನು ಕಂಡು ಒಳಗೆ ಹೋದರು. ಅವರಿಗೆ ಕೇಳಿಸುವ ಹಾಗೆ ಹೇಳಿದೆ: "ಭದ್ರಮ್ಮನವರು ಚೀಲ ನೋಡಿಲ್ಲವೆಂದದ್ದು ನಿಜ. ನಾನು ಅಂದು ಆಡಿದ ಮಾತು ತಪ್ಪು."

ಒಳಗೆ ಪಾತ್ರೆಯ ಸದ್ದು ನಿಂತಿತು.

"ಅಂಗಂದ್ರೆ?" ಎಂದರು ಚಿಕ್ಕಬೈರಪ್ಪ.

"ಇನ್ನು ಜಗಳವಿಲ್ಲ. ತೋಪಿನಲ್ಲಿ ಜಜ್ಜುವುದನ್ನೂ ನಿಲ್ಲಿಸಿದ್ದೇನೆ. ನೀವು ಅಣಬೆಗೆ ಹೋಗುವ ದಿನ ನನ್ನನ್ನೂ ಕರೆಯಿರಿ. ಬುಟ್ಟಿಗೆ ಹಾಕುವ ಮೊದಲು ಒಂದನ್ನು ಬುಡ ಸಮೇತ ಕೀಳಿ. ಅಷ್ಟೇ."

"ಬುಡ ಕಿತ್ರೆ ಆ ಜಾಗ ಬರಡಾಯ್ತದೆ!" ಒಳಗಿನಿಂದ ಭದ್ರಮ್ಮ.

"ನಾನು ಮುಟ್ಟುವುದಿಲ್ಲ. ನೀವೇ, ನಿಮ್ಮ ಕೈಯಿಂದ. ಬೇರೆ ಕಡೆ ಹುತ್ತ ಉಳಿದಿದ್ದರೆ ಅಲ್ಲಿಯೂ ಒಂದು."

ಚಿಕ್ಕಬೈರಪ್ಪ ಯೋಚಿಸಿದರು. "ಬಾವಿ ಬದಿನ ಮೇಲೆ ಒಂದ್ ಉತ್ತ ಐತೆ. ಅದ್ರಲ್ಲೂ ಏಳ್ತವೆ." ಬೀಡಿಯ ತುದಿಯಿಂದ ಒಳಗೆ ತೋರಿಸಿ ದನಿ ತಗ್ಗಿಸಿದರು. "ಸಾರ್, ನೀ‌ವ್ ಜಗಳ ಆಡಕ್ ಬಂದಿದ್ರೆ ವಾಸಿ ಇತ್ತು. ಸಮಾಧಾನಕ್ ಬಂದ್ರೆ ಇವ್ಳು ನನ್ ಮೇಲೆ ಆಯ್ತಾಳೆ." ಆಮೇಲೆ ಗಟ್ಟಿಯಾಗಿ: "ಎಲ್ಡ್ ಬುಡ ತಾನೆ ಭದ್ರಿ? ಓಗ್ಲಿ ಬಿಡು. ಜೆಸಿಬಿನೋನು ಕಿತ್ತಿದ್ದಕ್ಕಿಂತ ಜಾಸ್ತಿನಾ?"

ಒಳಗೆ ಪಾತ್ರೆಯ ಸದ್ದು ಮತ್ತೆ ಶುರುವಾಯಿತು. ಬೇಡವೆಂಬ ಮಾತು ಬರಲಿಲ್ಲ.

ಜೂನ್ 29, ಭಾನುವಾರ. ಬೆಳಿಗ್ಗೆ 10

ನಿನ್ನೆ ಸಂಜೆ ಹದವಾದ ಮಳೆ. ಬೆಳಿಗ್ಗೆ ಚಿಕ್ಕಬೈರಪ್ಪ ಗೇಟಿನಲ್ಲಿ ನಿಂತು ಕೂಗಿದರು. "ಬರ್ತೀರಾ ಸಾರ್?" ಕೈಯಲ್ಲಿ ಸಣ್ಣ ಗುದ್ದಲಿ. ಭದ್ರಮ್ಮ ಬುಟ್ಟಿ ಹಿಡಿದು ಮುಂದೆ ನಡೆದರು, ತಿರುಗಿ ನೋಡಲಿಲ್ಲ. ದಿವ್ಯಾಳನ್ನು ಮನೆಯಲ್ಲೇ ಬಿಟ್ಟಿದ್ದರು. ಒಲೆಯ ಮೇಲೆ ಮಸಾಲೆ ಹುರಿದಿಟ್ಟ ವಾಸನೆ ಬೀದಿಯವರೆಗೂ ಇತ್ತು.

ಮೊದಲು ಬಾವಿಯ ಬದು. ಹುತ್ತದ ಸುತ್ತ ಅಣಬೆಗಳು ಕೊಡೆ ಬಿಚ್ಚಿದ್ದವು. ಭದ್ರಮ್ಮ ಗುದ್ದಲಿ ತೆಗೆದುಕೊಂಡರು. ಮಣ್ಣು ಬಿಡಿಸುತ್ತ ಹೋದರು. ಬುಡ ಮುಗಿಯಲೇ ಇಲ್ಲ. ಇಲಿಯ ಬಾಲದಂತೆ ತೆಳ್ಳಗಾಗುತ್ತ ಹುತ್ತದ ಒಳಕ್ಕೆ ಇಳಿಯಿತು. ಮೊಳದಷ್ಟು ಹೋಗಿ ತುಂಡಾಯಿತು.

"ಅಯ್ಯ ಸಿವನೆ, ಇಷ್ಟುದ್ದ ಐತಾ ಇದು!" ಎಂದರು ಭದ್ರಮ್ಮ, ನನ್ನೊಂದಿಗೆ ಮಾತು ಬಿಟ್ಟದ್ದನ್ನು ಮರೆತು.

"ಇಷ್ಟ್ ವಯಸ್ಸಾಯ್ತು, ನಾನೂ ಇದೇ ಮೊದ್ಲು ನೋಡ್ತಿರದು," ಚಿಕ್ಕಬೈರಪ್ಪ. "ಊರ್ತುಂಬ ಸಾರ್ ಉಂಡಿದೀವಿ. ಬುಡ ಕಂಡೋರಿಲ್ಲ."

ನಾನು ಒಂದು ಮಾತೂ ಆಡಲಿಲ್ಲ. ಭದ್ರಮ್ಮ ಉಳಿದವನ್ನು ಬುಟ್ಟಿಗೆ ಹಾಕಿಕೊಂಡರು.

ಆಮೇಲೆ ಮೂಲೆ. ಅಲ್ಲಿಯೂ ಎದ್ದಿದ್ದವು. ಬಿಳಿ, ಬಲು ಚೆಂದ. ಮೇಲಿನಿಂದ ನೋಡಿದರೆ ಆತುರದವನಿಗೆ ಎರಡೂ ಒಂದೇ. ಭದ್ರಮ್ಮ ಬಗ್ಗಿ ನೋಡಿ, "ಅದೇ ಅಲ್ವಾ ಇದು?" ಎಂದರು. ಗೆದ್ದ ದನಿಯಲ್ಲ, ಬೇಡಿಕೊಳ್ಳುವ ದನಿ. ಗುದ್ದಲಿಯಿಂದ ಒಂದೇ ಏಟು ಹಾಕಿದರು. ಬುಡ ಸುಲಭವಾಗಿ ಎದ್ದು ಬಂತು. ಬೇರಿಲ್ಲ. ಬದಲು ಒಂದು ಚೀಲ. ಅಂಚು ಹರಿದದ್ದು, ಮಣ್ಣು ಮೆತ್ತಿದ್ದು.

ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತುಬಿಟ್ಟರು. ಇನ್ನೊಂದನ್ನು ತೋಡಿದರು. ಚೀಲ. ಮತ್ತೊಂದು. ಗುದ್ದಲಿ ಬಿಟ್ಟು ಬೆರಳಿನಿಂದಲೇ ತೋಡತೊಡಗಿದರು. ಚಿಕ್ಕಬೈರಪ್ಪ, "ಸಾಕು ಬಾರೆ, ಸಾಕು," ಎಂದರು. ನಿಲ್ಲಿಸಲಿಲ್ಲ. ಆ ಮೂಲೆಯಲ್ಲಿ ಒಂದೂ ಉಳಿಯಲಿಲ್ಲ.

ಕೊನೆಗೆ ತಲೆಯೆತ್ತದೆ ಕೇಳಿದರು: "ಸಾರ್. ಓದ್ ವರ್ಸ ಬುಡ ಕಿತ್ತಿದ್ರೆ ಕಾಣ್ತಿತ್ತಾ ಇದು?"

ಸುಳ್ಳು ಹೇಳಬಹುದಿತ್ತು. "ಕಾಣುತ್ತಿತ್ತು," ಎಂದೆ. ಆಮೇಲೆ ಇನ್ನೊಂದು ಸತ್ಯವನ್ನೂ ಹೇಳಿದೆ. "ಕಂಡಿದ್ದರೂ ಅದು ಏನೆಂದು ನಿಮಗೆ ತಿಳಿಯುತ್ತಿರಲಿಲ್ಲ. ನನಗೂ ತಿಳಿದಿರಲಿಲ್ಲ."

ಬುಟ್ಟಿಯಲ್ಲಿದ್ದ ಬಾವಿಯ ಬದುವಿನದನ್ನು ತೋರಿಸಿ ಚಿಕ್ಕಬೈರಪ್ಪ ಕೇಳಿದರು, "ಅದನ್ನಾದ್ರೂ ಒಯ್ಲಾ ಸಾರ್?" ನಾನೆಂದೆ: "ಬುಡ ನೋಡಿ ‘ತಿನ್ನಬೇಡಿ’ ಎನ್ನಬಲ್ಲೆ. ‘ತಿನ್ನಿ’ ಎನ್ನಲಾರೆ. ಪ್ರಾಧ್ಯಾಪಕರು ಹೇಳಿದ್ದೂ ಅಷ್ಟೇ." ಭದ್ರಮ್ಮ ಮಾತಿಗೆ ಕಾಯಲಿಲ್ಲ. ಬುಟ್ಟಿಯಲ್ಲಿದ್ದುದನ್ನೆಲ್ಲ ತಾವು ತೋಡಿದ ಗುಂಡಿಗೆ ಸುರಿದು ಕಾಲಿನಿಂದ ಮಣ್ಣೆಳೆದರು. ಖಾಲಿ ಬುಟ್ಟಿ ಹಿಡಿದು ನಡೆದರು.

ದಿವ್ಯಾ ಬಾಗಿಲಲ್ಲಿ ಕಾಯುತ್ತಿದ್ದಳಂತೆ. ಬುಟ್ಟಿ ನೋಡಿ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳಂತೆ. ಹುರಿದ ಮಸಾಲೆಗೆ ಹುರುಳಿಕಾಳು ಹಾಕಿ ಸಾರು ಮಾಡಿದರಂತೆ. ಸೀತಾ ಹೋಗಿ ನೋಡಿ ಬಂದು ಹೇಳಿದಳು. ಹೇಳುವಾಗ ನನ್ನ ಮುಖ ನೋಡಿ ಹೇಳಿದಳು.

ಜುಲೈ 1, ಮಂಗಳವಾರ. ಸಂಜೆ 6.30

ಎಲ್ಲ ಸರಿಯಾದ ದಿಕ್ಕಿನಲ್ಲಿದೆ. ಚಿಕ್ಕಬೈರಪ್ಪ ಆ ಮೂಲೆಗೆ ಮುಳ್ಳುತಂತಿ ಹಾಕಿಸಿದ್ದಾರೆ. ಅಂಬರೀಶನ ಅಂಗಡಿಯಲ್ಲಿ ಈಗ ಬೆಳ್ಳುಳ್ಳಿಯ ಮಾತಿಲ್ಲ. ಡ್ರೈವರೊಬ್ಬ ರಸ್ತೆಬದಿಯಲ್ಲಿ ಕಿತ್ತ ಅಣಬೆ ತಂದು ತೋರಿಸಿದಾಗ, "ಬುಡ ಎಲ್ಲಿ ಗುರು? ಬುಡ ಇಲ್ದೆ ನಮ್ ಊರಲ್ಲಿ ಮಾತೇ ಇಲ್ಲ. ಬುಡ ಇದ್ರೂ ತಿನ್ನಂಗಿಲ್ಲ," ಎಂದನಂತೆ ಅಂಬರೀಶ. ವಾಕ್ಯರಚನೆಯಲ್ಲಿ ದೋಷವಿದೆ. ಅರ್ಥದಲ್ಲಿ ಇಲ್ಲ.

6.50

ಭದ್ರಮ್ಮ ಬಂದಿದ್ದಾರೆ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತರು. ಕಾಫಿ ಬೇಡವೆಂದರು. ಆಮೇಲೆ ಹೇಳಿದರು, ನನಗೂ ಅಲ್ಲ, ಸೀತಾಳಿಗೂ ಅಲ್ಲ, ಎದುರಿನ ಗೋಡೆಗೆ ಹೇಳಿದಂತೆ:

"ಅವತ್ತು ಎಲ್ಡ್ನೇ ಸಲ ಆಕಿಸ್ಕಂಡ್ಳು ಸಾರ್. ಮುದ್ದೆ ಮುಗಿದಿತ್ತು, ಅನ್ನಕ್ಕೆ ಆಕಿ ಅಂದ್ಳು. ‘ಆಂಟಿ, ಅಮ್ಮಂಗೆ ಹೇಳ್ಬೇಡಿ, ಮನೇಲಿ ಊಟ ಬೇಡ ಅಂದ್ರೆ ಬೈತಾರೆ’ ಅಂತ ನಕ್ಕಳು. ನಾನೇ ಇಕ್ಕಿದೆ. ನನ್ ಕೈಯಾರೆ ಇಕ್ಕಿದೆ ಸಾರ್. ನಮ್ ಅಣಬೆನೇ ತಿಂದು ಓದ್ಳು ಅವ್ಳು."

ಒಂದು ವರ್ಷ ಕಾದ ವಾಕ್ಯ. ಬೇಡವೆಂದು ಬಿಟ್ಟ ಮೇಲೆ ಬಂತು.

ಎರಡನೆಯ ಸಲ. ವಿಷದ ಲೆಕ್ಕದಲ್ಲಿ ಅದರ ಅರ್ಥವೇನೆಂದು ನನಗೆ ಗೊತ್ತು. ಹೇಳಲಿಲ್ಲ, ಎಂದೂ ಹೇಳುವುದಿಲ್ಲ. ಸೀತಾ ಹೋಗಿ ಅವರ ಪಕ್ಕದಲ್ಲಿ ಕೂತಳು. ಇಬ್ಬರೂ ನನ್ನ ಮಾತಿಗೆ ಕಾಯುತ್ತಿದ್ದಾರೆ. ಕನ್ನಡಕ ತರುತ್ತೇನೆಂದು ಒಳಗೆ ಬಂದೆ. ಸಭೆಗೆ ಏಳುವ ಮುನ್ನ ಮೊದಲ ವಾಕ್ಯವನ್ನು ಬರೆದುಕೊಳ್ಳುವುದು ನನ್ನ ರೂಢಿ. ಬರೆದುಕೊಂಡರೆ ಮಾತು ತಪ್ಪುವುದಿಲ್ಲ.

ಭದ್ರಮ್ಮ, ನನ್ನ ಮಗಳು ಅವತ್ತು ಹೊಟ್ಟೆ ತುಂಬ ಉಂಡಳು, ನೀವು ಪ್ರೀತಿಯಿಂದ ಬಡಿಸಿದ್ದನ್ನು…